ಬೊಕ್ಕಸದ ಪಾಲು: ದಿಲ್ಲಿಯಿಂದ ಬೀದಿಯ ನಲ್ಲಿಯವರೆಗೆ

ಸರಕಾರದ ಹಣಕಾಸಿನ ಮಾತು ಬಂದಾಗ, ಅದು ಸಚಿವರಿಗೂ ಅರ್ಥಶಾಸ್ತ್ರ ಪಂಡಿತರಿಗೂ ಸೇರಿದ ವಿಷಯವೆಂದು ನಮ್ಮಲ್ಲಿ ಅನೇಕರು ಪತ್ರಿಕೆಯ ಆ ಪುಟವನ್ನು ಮಗುಚಿ ಮುಂದೆ ಹೋಗುವುದುಂಟು. ಕಚೇರಿಯಲ್ಲಿ ದುಡಿಯುವ ಗುಮಾಸ್ತನಿಗೆ ಸಂಬಳದ ಚೀಟಿಯಲ್ಲಿ ಕಡಿತವಾದ ಮೊತ್ತವಾದರೂ ಕಣ್ಣಿಗೆ ಬೀಳುತ್ತದೆ. ಹೊಟೇಲಿನಲ್ಲಿ ದುಡಿಯುವವನಾದರೋ ತಾನು ಕರ ಕೊಡುವವನೇ ಅಲ್ಲವೆಂದು ತಿಳಿದಿರುತ್ತಾನೆ. ಇದು ಸರಿಯಾದ ತಿಳಿವಳಿಕೆಯಲ್ಲ. ಮೈಗೆ ಹಚ್ಚುವ ಸಾಬೂನಿನಿಂದ ಕಾಲಿಗೆ ಹಾಕುವ ಚಪ್ಪಲಿಯವರೆಗೆ, ಊರಿಗೆ ಮಾತನಾಡುವ ಫೋನಿನಿಂದ ಊರಿಗೆ ಹೋಗುವ ಬಸ್ಸಿನ ಇಂಧನದವರೆಗೆ, ನಾವು ಕೊಳ್ಳುವ ಎಷ್ಟೋ ವಸ್ತುಗಳ ಬೆಲೆಯಲ್ಲಿ ಸರಕಾರದ ಪಾಲು ಅಡಗಿದೆ. ಕೊಡುವವರು ನಾವಾದ ಮೇಲೆ, ಕೊಟ್ಟ ಹಣ ಯಾರ ಕೈ ಸೇರಿತು, ಯಾರ ಕೈಯಲ್ಲಿ ಉಳಿಯಿತು, ನಮ್ಮ ಬೀದಿಯವರೆಗೆ ಎಷ್ಟು ಬಂದಿತೆಂದು ಕೇಳುವ ಅಧಿಕಾರವೂ ನಮಗೆ ಇರಲೇಬೇಕಷ್ಟೆ.

ಹೊರನಾಡಿನಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ಇಮ್ಮಡಿಯಾಗಿ ತಟ್ಟುತ್ತದೆ. ನಾವು ನೀರು ಕುಡಿಯುವುದು ಮುಂಬಯಿಯ, ಪುಣೆಯ, ಚೆನ್ನೈಯ ಅಥವಾ ಹೈದರಾಬಾದಿನ ನಲ್ಲಿಯಿಂದ. ನಮ್ಮ ತಂದೆತಾಯಿಗಳು ಔಷಧಕ್ಕಾಗಿ ಹೋಗುವುದು ಕುಂದಾಪುರದ, ಬಾಗಲಕೋಟೆಯ ಅಥವಾ ಬೀದರಿನ ಸರಕಾರಿ ಆಸ್ಪತ್ರೆಗೆ. ಎರಡು ಊರುಗಳ ಲೆಕ್ಕವೂ ನಮ್ಮದೇ ಆಗಿರುವುದರಿಂದ, ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ನಡುವಣ ಹಣದ ಹಂಚಿಕೆಯನ್ನು ಒಂದೇ ಕಡೆಯ ಅಭಿಮಾನದಿಂದ ನೋಡಿ ತೀರ್ಪು ಹೇಳುವುದು ನಮಗೆ ಸಾಧ್ಯವಿಲ್ಲ; ಅದು ತಕ್ಕುದೂ ಅಲ್ಲ.

ನೂರು ರೂಪಾಯಿಯ ಉಪಾಹಾರ

ಮುಂಬಯಿಯ ಒಂದು ಸಾಮಾನ್ಯ ಉಪಾಹಾರಗೃಹದಲ್ಲಿ ಗಿರಾಕಿಯೊಬ್ಬನು ನೂರು ರೂಪಾಯಿಯ ತಿಂಡಿ ತಿಂದನೆಂದು ಭಾವಿಸೋಣ. 2017ರ ನವೆಂಬರ್ 15ರಿಂದ ಇಂಥ ಹೊಟೇಲುಗಳ ಬಿಲ್ಲಿನ ಮೇಲೆ ಶೇಕಡಾ 5ರಷ್ಟು ಸರಕು ಮತ್ತು ಸೇವಾ ಕರವಿದೆ. (ಬಿಲ್ಲಿನಲ್ಲಿ ಕರವನ್ನು ಬೇರೆಯಾಗಿ ತೋರಿಸದೆ ಒಟ್ಟು ವಹಿವಾಟಿನ ಮೇಲೆ ಕಟ್ಟುವ ಚಿಕ್ಕ ಹೊಟೇಲುಗಳ ಮಾತು ಬೇರೆ.) ಗಿರಾಕಿ ಕೊಟ್ಟ ಐದು ರೂಪಾಯಿಯಲ್ಲಿ ಎರಡೂವರೆ ರೂಪಾಯಿ ನೇರವಾಗಿ ಮಹಾರಾಷ್ಟ್ರ ಸರಕಾರಕ್ಕೆ, ಉಳಿದ ಎರಡೂವರೆ ರೂಪಾಯಿ ಕೇಂದ್ರ ಸರಕಾರಕ್ಕೆ ಸಲ್ಲುತ್ತದೆ.

ಕೇಂದ್ರಕ್ಕೆ ಹೋದ ಆ ಎರಡೂವರೆ ರೂಪಾಯಿ ಅಲ್ಲಿಯೇ ನಿಲ್ಲುವುದಿಲ್ಲ. 2021ರಿಂದ 2026ರ ಮಾರ್ಚ್‌ವರೆಗಿನ ಐದು ವರ್ಷಗಳಿಗೆ ಅನ್ವಯಿಸಿದ 15ನೆಯ ಹಣಕಾಸು ಆಯೋಗದ ಲೆಕ್ಕವನ್ನು ಹಿಡಿದರೆ, ಅದರಲ್ಲಿ ಶೇಕಡಾ 41, ಎಂದರೆ ಸುಮಾರು ಒಂದು ರೂಪಾಯಿ ಎರಡೂವರೆ ಪೈಸೆ, ಎಲ್ಲ ರಾಜ್ಯಗಳಿಗಾಗಿ ಇರಿಸಿದ ಸಾಮಾನ್ಯ ನಿಧಿಯನ್ನು ಸೇರುತ್ತದೆ. ಆ ನಿಧಿಯಿಂದ ಉತ್ತರ ಪ್ರದೇಶಕ್ಕೆ ಹದಿನೆಂಟು ಪೈಸೆಗೆ ತುಸು ಮಿಕ್ಕಿ, ಬಿಹಾರಕ್ಕೆ ಹತ್ತು ಪೈಸೆ, ಮಹಾರಾಷ್ಟ್ರಕ್ಕೆ ಆರೂವರೆ ಪೈಸೆ, ತಮಿಳುನಾಡಿಗೆ ನಾಲ್ಕು ಪೈಸೆ, ಕರ್ನಾಟಕಕ್ಕೆ ನಾಲ್ಕು ಪೈಸೆಗೂ ಕಡಿಮೆ. ದಿಲ್ಲಿಯಲ್ಲಿರುವ ನಮ್ಮ ಬಂಧುಗಳಿಗಾದರೋ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ; ಅದು ಕೇಂದ್ರಾಡಳಿತ ಪ್ರದೇಶವಾದುದರಿಂದ ರಾಜ್ಯಗಳ ಪಾಲಿನ ಪಟ್ಟಿಯಲ್ಲಿ ಸೇರಿಲ್ಲ. ಅಡುಗೆಯವನು ಹಿಟ್ಟು ರುಬ್ಬಿದ, ಮಾಣಿ ಬಡಿಸಿದ, ಗಲ್ಲೆಯಲ್ಲಿ ಕುಳಿತವನು ಹಣ ಎಣಿಸಿದ ಒಂದು ತಟ್ಟೆ ತಿಂಡಿಯ ಕರ ಹೀಗೆ ದೇಶದ 28 ರಾಜ್ಯಗಳಲ್ಲಿ ಹಂಚಿಹೋಗುತ್ತದೆ.

ಸಂವಿಧಾನದ ಏರ್ಪಾಡು

ಮೊದಲು ದಿಲ್ಲಿಗೆ ಒಯ್ದು, ಆಮೇಲೆ ಮರಳಿ ಕೊಡುವ ಈ ಸುತ್ತುದಾರಿ ಏತಕ್ಕೆಂದು ಯಾರಾದರೂ ಕೇಳಬಹುದು. ನಮ್ಮ ಸಂವಿಧಾನವು ಹೆಚ್ಚು ಹುಟ್ಟುವಳಿಯ ಕರಗಳಲ್ಲಿ ಅನೇಕವನ್ನು ಕೇಂದ್ರಕ್ಕೆ ವಹಿಸಿತು: ವರಮಾನ ಕರ, ಕಂಪೆನಿಗಳ ಮೇಲಣ ಕರ, ಆಮದು ಸುಂಕ. ಆದರೆ ಹೆಚ್ಚು ವೆಚ್ಚದ ಕೆಲಸಗಳಲ್ಲಿ ಅನೇಕವು ರಾಜ್ಯಗಳ ಪಾಲಿಗೆ ಬಂದವು: ಆಸ್ಪತ್ರೆ, ಪೊಲೀಸು, ನೀರಾವರಿ, ಹಳ್ಳಿಯ ರಸ್ತೆ, ಶಾಲೆ. ದುಡಿಯುವ ಕೈ ಒಂದು, ಮನೆ ನಡೆಸುವ ಕೈ ಇನ್ನೊಂದು ಆಗಿರುವಲ್ಲಿ ಇಬ್ಬರ ನಡುವೆ ಒಂದು ಕ್ರಮ ಬೇಕಾಗುತ್ತದೆ. ಅದಕ್ಕಾಗಿಯೇ 280ನೆಯ ವಿಧಿಯಲ್ಲಿ ಹಣಕಾಸು ಆಯೋಗದ ಏರ್ಪಾಡಾಯಿತು. ಐದು ವರ್ಷಗಳಿಗೊಮ್ಮೆ ರಾಷ್ಟ್ರಪತಿಗಳು ಅದನ್ನು ನೇಮಿಸುತ್ತಾರೆ. ಆದುದರಿಂದ ರಾಜ್ಯಗಳಿಗೆ ಬರುವ ಈ ಪಾಲನ್ನು ದಿಲ್ಲಿಯು ಕೊಡುವ ಔದಾರ್ಯವೆಂದು ಎಣಿಸಬೇಕಾದುದಿಲ್ಲ. ಅದು ಸಂವಿಧಾನದಿಂದಲೇ ಬಂದ ಹಕ್ಕು.

ಈ ಹಕ್ಕಿನ ಚರ್ಚೆ ಇಂದಿನದಲ್ಲ. ಬ್ರಿಟಿಷರ ಕಾಲದಲ್ಲಿ, 1936ರ ನೀಮೆಯರ್ ತೀರ್ಪು ವರಮಾನ ಕರದ ಅರ್ಧಾಂಶವನ್ನು ಪ್ರಾಂತಗಳಿಗೆ ಕೊಟ್ಟಿತು. ಸ್ವಾತಂತ್ರ್ಯಾನಂತರ ಕೆ. ಸಿ. ನಿಯೋಗಿಯವರ ಅಧ್ಯಕ್ಷತೆಯ ಮೊದಲನೆಯ ಆಯೋಗವು 1952ರಲ್ಲಿ ಅದನ್ನು ಶೇಕಡಾ 55ಕ್ಕೆ ಏರಿಸಿತು. ಆಗ ಮುಂಬಯಿ ರಾಜ್ಯದ ವಾದ ಏನಾಗಿತ್ತು? ಕರ ಎಲ್ಲಿ ವಸೂಲಾಗುತ್ತದೋ ಅಲ್ಲಿಗೆ ಹೆಚ್ಚು ಪಾಲು ಸಲ್ಲಬೇಕೆಂಬುದು. ಪಶ್ಚಿಮ ಬಂಗಾಲವೂ ಅದೇ ಮಾತು ಹೇಳಿತು. ಆಯೋಗವು ಆ ವಾದವನ್ನು ಪೂರ್ತಿಯಾಗಿ ತಳ್ಳಿಹಾಕಲಿಲ್ಲ, ಪೂರ್ತಿಯಾಗಿ ಒಪ್ಪಲೂ ಇಲ್ಲ. ಜನಸಂಖ್ಯೆಗೆ ಶೇಕಡಾ 80, ವಸೂಲಿಗೆ ಶೇಕಡಾ 20 ಎಂದು ತೂಕ ಮಾಡಿತು. ಇಂದು ಬೆಂಗಳೂರಿನಿಂದ ಕೇಳಿಬರುವ ಕೂಗು ಅಂದಿನ ಮುಂಬಯಿಯ ಕೂಗಿನ ಮರುದನಿ ಎನ್ನಬಹುದು.

ಆಮೇಲಿನ ಮುಖ್ಯ ಬದಲಾವಣೆ 2000ದ ಇಸವಿಯ 80ನೆಯ ತಿದ್ದುಪಡಿಯದು. ಅಲ್ಲಿಯವರೆಗೆ ವರಮಾನ ಕರ, ಅಬಕಾರಿ ಸುಂಕ ಎಂಬ ಎರಡು ಬಾಬುಗಳಲ್ಲಿ ಮಾತ್ರ ಪಾಲು ಪಡೆಯುತ್ತಿದ್ದ ರಾಜ್ಯಗಳಿಗೆ ಕೇಂದ್ರದ ಬಹುಮಟ್ಟಿನ ಎಲ್ಲ ಕರಗಳಲ್ಲಿಯೂ ಪಾಲು ದೊರೆಯಿತು. 11ನೆಯ ಆಯೋಗ ಶೇಕಡಾ 29.5 ಎಂದಿತು, ವೈ. ವಿ. ರೆಡ್ಡಿಯವರ 14ನೆಯ ಆಯೋಗ ಅದನ್ನು 42ಕ್ಕೆ ಏರಿಸಿತು, ಎನ್. ಕೆ. ಸಿಂಗ್ ಅವರ 15ನೆಯ ಆಯೋಗ, ಜಮ್ಮು ಮತ್ತು ಕಾಶ್ಮೀರವು ಕೇಂದ್ರಾಡಳಿತಕ್ಕೆ ಸೇರಿದ ಕಾರಣ, 41 ಎಂದಿತು. ಅರವಿಂದ ಪನಗಾರಿಯಾ ಅವರ 16ನೆಯ ಆಯೋಗದ ಐದು ವರ್ಷಗಳು 2026ರ ಏಪ್ರಿಲ್ 1ರಿಂದ ಮೊದಲಾಗುವಂಥವು.

ಯಾರ ದುಡಿಮೆ, ಯಾರ ಕರ?

2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ ಸಹೋದ್ಯೋಗಿಗಳೊಡನೆ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತುದನ್ನು ವಾಚಕರು ಬಲ್ಲರು. ‘ನನ್ನ ತೆರಿಗೆ, ನನ್ನ ಹಕ್ಕು’ ಎಂಬುದು ಅಂದಿನ ಘೋಷಣೆ. ಅದಕ್ಕೆ ಕಾರಣ ಇಲ್ಲದಿಲ್ಲ. 14ನೆಯ ಆಯೋಗದ ಕಾಲದಲ್ಲಿ ರಾಜ್ಯಗಳ ನಿಧಿಯಲ್ಲಿ ಕರ್ನಾಟಕದ ಪಾಲು ಶೇಕಡಾ 4.713 ಇದ್ದುದು 15ನೆಯ ಆಯೋಗದ ಕಾಲದಲ್ಲಿ 3.647ಕ್ಕೆ ಇಳಿಯಿತು. ನಾಲ್ಕು ರೂಪಾಯಿ ಎಪ್ಪತ್ತು ಪೈಸೆ ಬರುವಲ್ಲಿ ಮೂರು ರೂಪಾಯಿ ಅರುವತ್ತೈದು ಪೈಸೆ ಬಂದರೆ ಯಾವ ಗೃಹಸ್ಥನು ಸುಮ್ಮನಿದ್ದಾನು?

ಇಳಿಯಲು ಕಾರಣವನ್ನೂ ಅರಿಯಬೇಕು. 15ನೆಯ ಆಯೋಗವು ನೂರು ಅಂಕಗಳಲ್ಲಿ 45ನ್ನು ರಾಜ್ಯದ ಬಡತನಕ್ಕೆ ಇಟ್ಟಿತು: ತಲಾ ವರಮಾನ ಎಷ್ಟು ಕಡಿಮೆಯೋ ಅಷ್ಟು ಹೆಚ್ಚು ಪಾಲು. ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟುದಕ್ಕೆ 12.5, ಕಾಡಿಗೆ 10, ಕರ ವಸೂಲಿಯ ಶ್ರಮಕ್ಕೆ 2.5. ಬೆಂಗಳೂರಿನ ಸಂಪತ್ತು ಬೆಳೆದಂತೆ ಇಡೀ ಕರ್ನಾಟಕದ ಸರಾಸರಿ ವರಮಾನವೂ ಏರಿತು. ಸರಾಸರಿ ಏರಿದಂತೆ ಪಾಲು ಇಳಿಯಿತು. ಸರಾಸರಿಯ ಈ ಲೆಕ್ಕದಲ್ಲಿ ರಾಯಚೂರಿನ ಹೊಲದಾಳು ಬೆಂಗಳೂರಿನ ಎಂಜಿನಿಯರನ ಜೊತೆ ಕೂಡಿ ಅರೆ ಶ್ರೀಮಂತನಾಗಿಬಿಡುತ್ತಾನೆ. ಚೆನ್ನಾಗಿ ನಡೆದುಕೊಂಡ ರಾಜ್ಯಕ್ಕೆ ದಂಡ ಬೀಳಬಾರದೆಂಬ ಮಾತಿನಲ್ಲಿ ನ್ಯಾಯವಿದೆ.

ಆದರೂ ‘ನಮ್ಮ ತೆರಿಗೆ’ ಎಂಬ ಮಾತನ್ನು ಹೊರನಾಡಿನ ನಾವು ಸ್ವಲ್ಪ ನಿಂತು ಯೋಚಿಸಿಯೇ ಆಡಬೇಕು. ಮುಂಬಯಿಯಲ್ಲಿ ವಸೂಲಾಗುವ ವರಮಾನ ಕರ ಬಹು ದೊಡ್ಡದು. ಆದರೆ ದೇಶದ ನಾನಾ ಮೂಲೆಗಳಲ್ಲಿ ವ್ಯಾಪಾರ ಮಾಡಿದ ಕಂಪೆನಿಗಳು ತಮ್ಮ ಮುಖ್ಯ ಕಚೇರಿ ಇಲ್ಲಿರುವ ಕಾರಣ ಇಲ್ಲಿ ಕರ ಕಟ್ಟುತ್ತವೆ. ಅದೆಲ್ಲವೂ ಮುಂಬಯಿಯ ದುಡಿಮೆ ಎನ್ನಲಾದೀತೆ? ಮೇಲೆ ಹೇಳಿದ ಉಪಾಹಾರಗೃಹವನ್ನೇ ನೋಡಿ. ಕಟ್ಟಿದವರು ತುಳುನಾಡಿನ ಹಿರಿಯರು. ಇಂದು ಅದರ ಒಲೆಯ ಮುಂದೆ ನಿಂತವರಲ್ಲಿ ಬಿಹಾರದವರಿದ್ದಾರೆ, ಒಡಿಶಾದವರಿದ್ದಾರೆ. ಅವರು ಊರು ಬಿಟ್ಟು ಬಂದುದು ಅಲ್ಲಿ ಹೊಟ್ಟೆ ತುಂಬದ ಕಾರಣಕ್ಕೆ. ನಮ್ಮ ಹಿರಿಯರು ಬಂದುದೂ ಅದೇ ಕಾರಣಕ್ಕೆ. ಅವರ ಹಳ್ಳಿಯ ಶಾಲೆಗೆ ಹತ್ತು ಪೈಸೆ ಹೋಯಿತೆಂದು ನಾವು ಹೊಟ್ಟೆಯುರಿದುಕೊಂಡರೆ, ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ರಾತ್ರಿ ಶಾಲೆಗಳಲ್ಲಿ ಕಲಿತ ನಮ್ಮ ಹಿರಿಯ ಮಾಣಿಗಳಿಗೆ ಅಪಚಾರ ಮಾಡಿದಂತಾದೀತು.

ಬಡವನಿಗೆ ಹೆಚ್ಚು ಸಲ್ಲಲಿ. ಈ ತತ್ತ್ವದಲ್ಲಿ ನಮಗೆ ಜಗಳವಿಲ್ಲ. ಜಗಳವಿರಬೇಕಾದುದು ಬೇರೊಂದು ಕಡೆ.

ಹಂಚುವ ಮೊದಲೇ ಕುಗ್ಗುವ ಪಾತ್ರೆ

ಆಯೋಗ ಹೇಳುವ 41 ಎಂಬ ಅಂಕಿ ಕೇಂದ್ರದ ಎಲ್ಲ ವಸೂಲಿಗೂ ಅನ್ವಯಿಸುವುದಿಲ್ಲ. ಸೆಸ್ಸು, ಸರ್‌ಚಾರ್ಜು ಎಂಬ ಹೆಸರಿನಲ್ಲಿ ಎತ್ತಿದ ಹಣ ಸಾಮಾನ್ಯ ನಿಧಿಗೆ ಸೇರದೆ ಕೇಂದ್ರದಲ್ಲಿಯೇ ಉಳಿಯುತ್ತದೆ. ಸಂವಿಧಾನದ 270 ಮತ್ತು 271ನೆಯ ವಿಧಿಗಳು ಇದಕ್ಕೆ ಎಡೆಮಾಡಿಕೊಟ್ಟಿವೆ. ಕಾನೂನಿನ ಉಲ್ಲಂಘನೆ ಇದರಲ್ಲಿಲ್ಲ. ಆದರೆ ವಿಶೇಷ ಕಾರಣಕ್ಕಾಗಿ, ಸ್ವಲ್ಪ ಕಾಲ, ಸ್ವಲ್ಪ ಪ್ರಮಾಣದಲ್ಲಿ ಬಳಸಬೇಕಾದ ಉಪಾಯವು ನಿತ್ಯದ ಪದ್ಧತಿಯಾದರೆ ಹಂಚಿಕೆಯ ಅರ್ಥವೇ ಕೆಡುತ್ತದೆ.

ಒಂದು ನಿದರ್ಶನ ಸಾಕು. 2021ರ ಫೆಬ್ರವರಿಯಲ್ಲಿ ಒಂದು ಲೀಟರು ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ 32 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಉಳಿದುದೆಲ್ಲ ವಿಶೇಷ ಹೆಚ್ಚುವರಿ ಸುಂಕ, ರಸ್ತೆಯ ಸೆಸ್ಸು, ಕೃಷಿಯ ಸೆಸ್ಸು. ಒಂದು ರೂಪಾಯಿ ನಲವತ್ತು ಪೈಸೆಯಲ್ಲಿ ಶೇಕಡಾ 41 ಎಂದರೆ ಐವತ್ತೇಳು ಪೈಸೆ. ಹೀಗೆ, ಸುಮಾರು ಮೂವತ್ತಮೂರು ರೂಪಾಯಿಯ ವಸೂಲಿಯಲ್ಲಿ ಎಲ್ಲ ರಾಜ್ಯಗಳ ಪಾಲು ಸೇರಿ ಐವತ್ತೇಳು ಪೈಸೆ! ಆಮೇಲೆ ದರಗಳು ಬದಲಾದವು. ಆದರೆ ಒಂದೇ ಸುಂಕವನ್ನು ಹೆಸರು ಬದಲಿಸಿ ಹಂಚಿಕೆಯಿಂದ ಹೇಗೆ ಹೊರಗಿಡಬಹುದೆಂಬುದಕ್ಕೆ ಈ ಲೆಕ್ಕ ಸಾಕ್ಷಿಯಾಗಿ ನಿಲ್ಲುತ್ತದೆ. ವರಮಾನ ಕರ ಕಟ್ಟುವ ಗುಮಾಸ್ತರು ತಮ್ಮ ಕರದ ಮೇಲೆ ಶೇಕಡಾ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ಸನ್ನು 2018ರಿಂದ ಕೊಡುತ್ತಿದ್ದಾರಷ್ಟೆ. ಆಸ್ಪತ್ರೆಯನ್ನೂ ಶಾಲೆಯನ್ನೂ ನಡೆಸುವ ಹೊರೆ ಬಹುಮಟ್ಟಿಗೆ ರಾಜ್ಯಗಳದು. ಅವೆರಡರ ಹೆಸರಿನಲ್ಲಿ ಎತ್ತಿದ ಹಣ ಮಾತ್ರ ಹಂಚಿಕೆಗೆ ಬಾರದು.

ಕೇಂದ್ರದ ಒಟ್ಟು ಕರ ವಸೂಲಿಯಲ್ಲಿ ಇಂಥ ಸೆಸ್ಸು ಸರ್‌ಚಾರ್ಜುಗಳ ಪ್ರಮಾಣ 2011-12ರಲ್ಲಿ ಶೇಕಡಾ 10ರ ಸುಮಾರಿನಲ್ಲಿದ್ದುದು 2020-21ರ ಹೊತ್ತಿಗೆ 20ರ ಸುಮಾರಿಗೆ ಏರಿತು. ನ್ಯಾಯವಾಗಿ ಹೇಳಬೇಕಾದರೆ, ಅದರಲ್ಲಿ ಒಂದು ಭಾಗ ಜಿ.ಎಸ್.ಟಿ.ಯಿಂದ ರಾಜ್ಯಗಳಿಗಾದ ನಷ್ಟವನ್ನು ತುಂಬಲೆಂದೇ ಎತ್ತಿದ ಪರಿಹಾರ ಸೆಸ್ಸು. ದೇಶದ ರಕ್ಷಣೆ, ರೈಲು, ವಿದೇಶ ವ್ಯವಹಾರಗಳ ಭಾರ ಕೇಂದ್ರದ ಮೇಲಿರುವುದನ್ನೂ ಮರೆಯಲಾಗದು. ಅದೆಲ್ಲವನ್ನು ಕಳೆದರೂ ಪ್ರಶ್ನೆ ಉಳಿಯುತ್ತದೆ. ದಕ್ಷಿಣದ ರಾಜ್ಯಗಳೂ ಉತ್ತರದ ರಾಜ್ಯಗಳೂ ಪಂಕ್ತಿಯಲ್ಲಿ ಕುಳಿತು ನನಗೆ ಕಡಿಮೆ, ನಿನಗೆ ಹೆಚ್ಚು ಎಂದು ತಂಟೆ ಮಾಡುತ್ತಿರುವಾಗ, ಬಡಿಸುವ ಪಾತ್ರೆಯೇ ಒಳಗೆ ಕಿರಿದಾಗುತ್ತಿರುವುದನ್ನು ಇಬ್ಬರೂ ಗಮನಿಸದಿದ್ದರೆ ನಷ್ಟ ಇಬ್ಬರಿಗೂ ಸಮಾನ. ಸೆಸ್ಸು ಹೆಚ್ಚಿದಷ್ಟೂ ಬಿಹಾರಕ್ಕೂ ಕಡಿಮೆ, ಕರ್ನಾಟಕಕ್ಕೂ ಕಡಿಮೆ.

ಮೂರನೆಯ ಮೆಟ್ಟಿಲು

ಇಲ್ಲಿಯವರೆಗೆ ಹೇಳಿದುದು ದಿಲ್ಲಿಗೂ ರಾಜ್ಯಗಳಿಗೂ ಸಂಬಂಧಿಸಿದ ಮಾತು. ಆದರೆ ನಲ್ಲಿಯ ನೀರು, ಚರಂಡಿ, ಬೀದಿಯ ದೀಪ, ಕಸ, ಇವೆಲ್ಲ ಇರುವುದು ಮೂರನೆಯ ಮೆಟ್ಟಿಲಿನಲ್ಲಿ: ಪಂಚಾಯತಿ, ಪುರಸಭೆ, ಮಹಾನಗರಪಾಲಿಕೆಗಳಲ್ಲಿ. ದಿಲ್ಲಿಯ ಮುಂದೆ ನ್ಯಾಯ ಬೇಡುವ ರಾಜ್ಯಗಳು ತಮ್ಮ ಕೈಕೆಳಗಿನ ಈ ಸಂಸ್ಥೆಗಳಿಗೆ ಎಂಥ ನ್ಯಾಯ ಸಲ್ಲಿಸಿವೆ? ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಇಲ್ಲಿ ನೆನಪಾಗದಿರದು.

1992ರಲ್ಲಿ ಅಂಗೀಕೃತವಾಗಿ 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯತಿಗಳಿಗೆ 29, ನಗರಸಭೆಗಳಿಗೆ 18 ವಿಷಯಗಳನ್ನು ವಹಿಸಬಹುದೆಂದು ಪಟ್ಟಿ ಮಾಡಿದವು. ಕೇಂದ್ರದಲ್ಲಿರುವಂತೆ ಪ್ರತಿಯೊಂದು ರಾಜ್ಯವೂ ಐದು ವರ್ಷಗಳಿಗೊಮ್ಮೆ ರಾಜ್ಯ ಹಣಕಾಸು ಆಯೋಗವನ್ನು ನೇಮಿಸಿ, ತನ್ನ ವರಮಾನದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಪಾಲು ಗೊತ್ತುಮಾಡಬೇಕೆಂದೂ ವಿಧಿಸಲಾಯಿತು. ಆದರೆ ಅನೇಕ ರಾಜ್ಯಗಳು ಆಯೋಗವನ್ನು ಸಕಾಲದಲ್ಲಿ ನೇಮಿಸಲಿಲ್ಲ. ನೇಮಿಸಿದವೂ ವರದಿಯನ್ನು ವರ್ಷಗಟ್ಟಲೆ ಕಪಾಟಿನಲ್ಲಿಟ್ಟುದುಂಟು. ಕೊನೆಗೆ 15ನೆಯ ಆಯೋಗವು, 2024ರ ಮಾರ್ಚ್ ಒಳಗಾಗಿ ಈ ಕರ್ತವ್ಯವನ್ನು ಪೂರೈಸದ ರಾಜ್ಯಗಳಿಗೆ ಸ್ಥಳೀಯ ಸಂಸ್ಥೆಗಳ ಅನುದಾನ ಕೊಡಬಾರದೆಂದು ಷರತ್ತು ಹಾಕಬೇಕಾಯಿತು. ಐದು ವರ್ಷಗಳಿಗೆ ಅದು ಸ್ಥಳೀಯ ಸಂಸ್ಥೆಗಳಿಗಾಗಿ ಸೂಚಿಸಿದ ಮೊತ್ತ 4,36,361 ಕೋಟಿ ರೂಪಾಯಿ.

ಸ್ಥಳೀಯ ಸಂಸ್ಥೆಗಳ ಸ್ವಂತ ಆದಾಯವೂ ಸೊರಗುತ್ತ ಬಂದಿದೆ. ಮುಂಬಯಿ ಮಹಾನಗರಪಾಲಿಕೆಯ ಆದಾಯದ ದೊಡ್ಡ ಆಧಾರವಾಗಿದ್ದ ಜಕಾತಿ 2017ರ ಜುಲೈ 1ರಂದು ಜಿ.ಎಸ್.ಟಿ.ಯ ಜೊತೆಗೆ ರದ್ದಾಯಿತು. ಅಂದಿನಿಂದ ಪಾಲಿಕೆಯು ರಾಜ್ಯ ಸರಕಾರದ ಪರಿಹಾರಧನವನ್ನು ನೆಚ್ಚಿಕೊಂಡಿದೆ. ನಾಕೆಯಲ್ಲಿ ಲಾರಿಗಳನ್ನು ನಿಲ್ಲಿಸುತ್ತಿದ್ದ ಜಕಾತಿ ಹೋದುದಕ್ಕೆ ವ್ಯಾಪಾರಿಗಳು ಸಂತೋಷಪಟ್ಟುದು ಸಹಜವೇ. ಆದರೆ ತಾನೇ ಎತ್ತುತ್ತಿದ್ದ ಹಣದ ಬದಲು ಇನ್ನೊಬ್ಬರು ಕಳುಹಿಸುವ ಹಣವನ್ನು ಕಾಯುವ ಸ್ಥಿತಿ ನಗರಸಭೆಗೆ ಒದಗಿತು.

ಗುಮಾಸ್ತರ ಸಂಬಳದ ಚೀಟಿಯಲ್ಲಿ ಇನ್ನೊಂದು ಪಾಠವಿದೆ. ವೃತ್ತಿ ಕರವೆಂದು ಮಹಾರಾಷ್ಟ್ರದಲ್ಲಿ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300 ರೂಪಾಯಿ, ಒಟ್ಟು ವರ್ಷಕ್ಕೆ 2,500 ರೂಪಾಯಿ ಕಡಿತವಾಗುವುದನ್ನು ಬಹಳ ಮಂದಿ ಕಂಡಿರುತ್ತಾರೆ. ಸಂವಿಧಾನದ 276ನೆಯ ವಿಧಿಯು ಈ ಕರವನ್ನು ರಾಜ್ಯವೂ ಎತ್ತಬಹುದು, ಸ್ಥಳೀಯ ಸಂಸ್ಥೆಯೂ ಎತ್ತಬಹುದು ಎಂದಿದೆ. ಚೆನ್ನೈಯಲ್ಲಿ ಆರು ತಿಂಗಳಿಗೊಮ್ಮೆ ಅದನ್ನು ವಸೂಲು ಮಾಡುವುದು ನಗರಪಾಲಿಕೆ. ಮುಂಬಯಿ, ಬೆಂಗಳೂರುಗಳಲ್ಲಿ ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ದಿಲ್ಲಿಯಲ್ಲಿ ಈ ಕರವೇ ಇಲ್ಲ. ಒಂದೇ ಬಗೆಯ ಕೆಲಸ ಮಾಡುವ ನಾಲ್ವರು ಕನ್ನಡಿಗರು ನಾಲ್ಕು ನಗರಗಳಲ್ಲಿದ್ದರೆ, ಚೆನ್ನೈಯವನ ಹಣ ಮಾತ್ರ ನೇರವಾಗಿ ಅವನ ಬೀದಿಯ ಲೆಕ್ಕಕ್ಕೆ ಸೇರುತ್ತದೆ. ವರ್ಷಕ್ಕೆ 2,500 ಎಂಬ ಮಿತಿಯೂ 1988ರಷ್ಟು ಹಳೆಯದು.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಯ ಚರಿತ್ರೆಯಿತ್ತು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರ ಕಾನೂನಿನ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಅಧಿಕಾರವನ್ನೂ ಹಣವನ್ನೂ ಒಪ್ಪಿಸುವ ಏರ್ಪಾಡು ಮಾಡಿದರು; 1987ರಲ್ಲಿ ಚುನಾವಣೆಗಳು ನಡೆದವು. ಹಳ್ಳಿಹಳ್ಳಿಗೆ ಕುಡಿಯುವ ನೀರು ಒದಗಿಸಿದ ಅವರನ್ನು ಜನರು ‘ನೀರ್ ಸಾಬ್’ ಎಂದೇ ಕರೆದರು. ಸಂವಿಧಾನದ ತಿದ್ದುಪಡಿಗಿಂತ ಆರು ವರ್ಷ ಮೊದಲೇ ದಾರಿ ತೋರಿದ ಆ ರಾಜ್ಯದಲ್ಲಿಯೇ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬೆಂಗಳೂರು ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ, ಮುಂಬಯಿಯದು 2022ರ ಮಾರ್ಚಿನಲ್ಲಿ ಮುಗಿದ ಮೇಲೆ ಅಲ್ಲಿಯೂ ಬಹುಕಾಲ ಅಧಿಕಾರಿಗಳ ಆಡಳಿತವೇ ನಡೆಯಿತು. ಮುಂಬಯಿಯ ದೋಷವನ್ನು ಹೇಳುವಾಗ ಬೆಂಗಳೂರಿನ ದೋಷವನ್ನು ಮುಚ್ಚಿಡುವುದು ನಮಗೆ ಒಪ್ಪದು.

ರಾಜ್ಯದೊಳಗಣ ತಾರತಮ್ಯದ ಮಾತೂ ಇದರಿಂದ ದೂರವಿಲ್ಲ. 2002ರಲ್ಲಿ ವರದಿ ಕೊಟ್ಟ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಕರ್ನಾಟಕದ ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಬೆಂಗಳೂರು ದಿಲ್ಲಿಗೆ ಹೇಳುವ ಮಾತನ್ನೇ ರಾಯಚೂರು, ಯಾದಗಿರಿಗಳು ಬೆಂಗಳೂರಿಗೆ ಹೇಳಬಲ್ಲವು. ಹೈದರಾಬಾದಿನಲ್ಲಿಯೂ ಪುಣೆಯಲ್ಲಿಯೂ ದುಡಿಯುತ್ತಿರುವ ಕಲ್ಯಾಣ ಕರ್ನಾಟಕದ ಸಾವಿರಾರು ಬಂಧುಗಳಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅವರು ಊರು ಬಿಟ್ಟುದೇ ಅದರ ವಿವರಣೆ.

ನಾವು ಕೇಳಬೇಕಾದುದು

ಹೀಗಿರುವಲ್ಲಿ ನ್ಯಾಯವಾದ ಹಂಚಿಕೆ ಎಂದರೇನೆಂಬುದನ್ನು ನಾವು ಮೂರು ಮಾತಿನಲ್ಲಿ ಹೇಳುತ್ತೇವೆ. ಒಂದನೆಯದಾಗಿ, ಸೆಸ್ಸು ಸರ್‌ಚಾರ್ಜುಗಳಿಗೆ ಒಂದು ಮೇರೆ ಇರಬೇಕು. ಆ ಮೇರೆಯನ್ನು ಮೀರಿದ ಹಣ ಸಾಮಾನ್ಯ ನಿಧಿಗೆ ಸೇರಬೇಕು. ಎರಡನೆಯದಾಗಿ, ಬಡ ರಾಜ್ಯಕ್ಕೆ ಹೆಚ್ಚು ಸಲ್ಲುವ ತತ್ತ್ವವನ್ನು ಉಳಿಸಿಕೊಂಡೇ, ಮುಂದುವರಿದ ರಾಜ್ಯದ ಪಾಲು ಒಂದೇ ಸಲಕ್ಕೆ ಕುಸಿಯದಂತೆ ಕಾಪಾಡಬೇಕು. ಐದು ವರ್ಷಗಳ ಲೆಕ್ಕ ಹಾಕಿ ಆಸ್ಪತ್ರೆ ಕಟ್ಟತೊಡಗಿದವನಿಗೆ ಅರ್ಧದಲ್ಲಿ ಇಟ್ಟಿಗೆ ಸಾಲದೆ ಹೋಗಬಾರದು. ಮೂರನೆಯದಾಗಿ, ದಿಲ್ಲಿಯಿಂದ ರಾಜ್ಯಕ್ಕೆ ಬರುವ ಪಾಲಿಗೆ ಎಂಥ ಖಾತ್ರಿಯಿದೆಯೋ ಅಂಥದೇ ಖಾತ್ರಿ ರಾಜ್ಯದಿಂದ ಪಂಚಾಯತಿಗೂ ಪಾಲಿಕೆಗೂ ಹೋಗುವ ಪಾಲಿಗಿರಬೇಕು.

ಇವುಗಳಲ್ಲಿ ಮೊದಲ ಎರಡು ನಮ್ಮ ಕೈಗೆ ನೇರವಾಗಿ ಎಟುಕುವಂಥವಲ್ಲ; ಸಂಸತ್ತಿನ ಸದಸ್ಯರು ಮತ ಕೇಳಲು ಬಂದಾಗ ಅವರ ಮುಂದಿಡಬೇಕಾದ ಪ್ರಶ್ನೆಗಳು. ಮೂರನೆಯದಾದರೋ ನಮ್ಮ ಸಮೀಪದ್ದು. ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರುಳ್ಳವರು ವಾರ್ಡಿನ ಸದಸ್ಯನನ್ನು ಕಂಡು, ಈ ವರ್ಷ ನಮ್ಮ ವಾರ್ಡಿಗೆ ಬಂದ ಹಣವೆಷ್ಟು, ಅದರಲ್ಲಿ ನಲ್ಲಿಗೂ ಚರಂಡಿಗೂ ಆದ ವೆಚ್ಚವೆಷ್ಟು ಎಂದು ಕೇಳಬಹುದು. ರಜೆಯಲ್ಲಿ ಊರಿಗೆ ಹೋದವರು ಗ್ರಾಮಸಭೆ ನಡೆಯುವ ದಿನವನ್ನು ವಿಚಾರಿಸಿ, ತಮ್ಮ ಮನೆಯವರನ್ನು ಕರೆದುಕೊಂಡು ಹೋಗಿ ಅದೇ ಪ್ರಶ್ನೆಯನ್ನು ಅಲ್ಲಿಯೂ ಕೇಳುವಂತೆ ಮಾಡಬಹುದು. ನಮ್ಮ ಕನ್ನಡ ಸಂಘಗಳು ನಾಡಹಬ್ಬದ ಕಾರ್ಯಕ್ರಮಗಳ ನಡುವೆ ಒಂದು ಸಂಜೆಯನ್ನು ಮುಂಗಡಪತ್ರದ ವಿವರಣೆಗಾಗಿ ಬಿಟ್ಟುಕೊಟ್ಟರೆ, ಲೆಕ್ಕ ಬಲ್ಲ ಗುಮಾಸ್ತರು ಸಂಘದಲ್ಲಿಯೇ ಬೇಕಾದಷ್ಟು ಮಂದಿ ಸಿಗುತ್ತಾರೆ.

ದಿನದ ಕೊನೆಗೆ ಗಲ್ಲೆಯ ಹಣವನ್ನು ಎಣಿಸಿ, ಒಂದು ರೂಪಾಯಿ ಹೊಂದದಿದ್ದರೂ ಮಲಗದೆ ಹುಡುಕುವ ಅಭ್ಯಾಸ ನಮ್ಮ ಜನರದು. ಆ ಅಭ್ಯಾಸವನ್ನು ಇನ್ನು ಸರಕಾರದ ಗಲ್ಲೆಯ ಕಡೆಗೂ ಸ್ವಲ್ಪ ತಿರುಗಿಸುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.